ಕೂಸಿಗಿಂತ ಮೊದಲೇ ಬಂದ ಕುಲಾವಿ

ಹೋದ ವರ್ಷ ಗಂಗಾವತಿ ಕಡೆಯ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮಗಳ ಏಳು ತಿಂಗಳ ಕುಬಸ ನಡೆಯಿತು. ಅಂಗಳದಲ್ಲಿ ಪೆಂಡಾಲು, ಹಸಿರು ಸೀರೆ ಉಟ್ಟು ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತ ಹುಡುಗಿ, ಉಡಿ ತುಂಬಲು ಬಂದ ಮುತ್ತೈದೆಯರು, ಒಳಗಿನಿಂದ ಹೋಳಿಗೆಯ ವಾಸನೆ. ಎಲ್ಲ ಕುಬಸಗಳ ಹಾಗೆಯೇ ಇತ್ತು, ಒಂದನ್ನು ಬಿಟ್ಟು. ಪೆಂಡಾಲಿನ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಗಂಡ ಹೆಂಡತಿಯ ನಡುವೆ ಒಂದು ಕೂಸಿನ ಫೋಟೋ ಇತ್ತು. ತುಂಬಿದ ಗುಲಾಬಿ ಕೆನ್ನೆ, ತಿಳಿಕಂದು ಕಣ್ಣು, ತಲೆಗೆ ಕಿವಿ ಮುಚ್ಚುವಂಥ ಬಿಳಿ ಉಣ್ಣೆಯ ಕುಲಾವಿ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಮನೆಯ ರಾಜಕುಮಾರನಿಗೆ ಸ್ವಾಗತ’. ಆ ರಾಜಕುಮಾರ ಹುಟ್ಟಲು ಇನ್ನೂ ಎರಡು ತಿಂಗಳು ಬಾಕಿ ಇತ್ತು.

ದಂಪತಿಯ ಫೋಟೋ ಕೊಟ್ಟು ಎಐ ಕೈಯಲ್ಲಿ ಮಾಡಿಸಿದ ಚಿತ್ರ ಅದು. ಫ್ಲೆಕ್ಸ್ ಡಿಸೈನ್ ಮಾಡುವ ಹುಡುಗ ‘ಗಂಡು ಅಂತ ಒತ್ತಲೋ, ಹೆಣ್ಣು ಅಂತ ಒತ್ತಲೋ’ ಎಂದು ಕೇಳಿದನಂತೆ. ಗಂಡು ಎಂದರಂತೆ. ಹೆಂಗಸರು ಫ್ಲೆಕ್ಸಿನ ಮುಂದೆ ನಿಂತು ಮಾತಾಡುತ್ತಿದ್ದರು.

‘ಏನ್ ಚೆಂದ ಐತ್ಬೇ ಕೂಸು!’

‘ನಮ್ಮ ಮನ್ಯಾಗ ಇಷ್ಟು ಕೆಂಪಗ ಯಾರದಾರವ್ವಾ?’

‘ಕಂಪ್ಯೂಟರ್‌ದಾಗ ನೋಡ್ಯಾರಂತ. ಹಿಂಗಾ ಹುಟ್ಟತೈತಂತ.’

ನಮ್ಮ ಸೀಮೆಯಲ್ಲಿ ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಅನ್ನುತ್ತಾರೆ. ಕಂಬಕ್ಕೆ ಒರಗಿ ಕೂತಿದ್ದ ಅಕ್ಕನ ಅತ್ತೆ, ಕಣ್ಣಿಗೆ ಪೊರೆ ಬಂದು ಮಂಜಾದ ಮುದುಕಿ, ‘ಅದರಾಗ ಏನೈತ್ಬೇ?’ ಎಂದು ಎರಡು ಸಲ ಕೇಳಿದಳು. ಗದ್ದಲದಲ್ಲಿ ಯಾರೂ ಹೇಳಲಿಲ್ಲ.

‘ಹಿಂಗಾ ಹುಟ್ಟತೈತಂತ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತೇನೆ. ಆ ಪಾಠಕ್ಕೂ ಆ ಫ್ಲೆಕ್ಸಿಗೂ ಎಷ್ಟು ದೂರ ಎಂದು ನನ್ನ ಮನೆಯವರಿಗೇ ತಿಳಿಸಿ ಹೇಳಬೇಕಾಯಿತು. ಈಗ ಬಳ್ಳಾರಿ, ರಾಯಚೂರಿನ ಕಡೆಯೂ ಪರಿಚಯದ ಮನೆಗಳಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಇಂಥ ಚಿತ್ರ ಕಾಣುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರ ಏನು ಮಾಡುತ್ತದೆ ಎಂಬುದು ಮೊದಲು. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ‘ಗ್ಯಾನ್’ ಎಂಬ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಎರಡು ಪ್ರೋಗ್ರಾಂ ಇರುತ್ತವೆ. ಒಂದು ಚಿತ್ರ ಬರೆಯುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ತಪಾಸಣೆ ಮಾಡುತ್ತದೆ. ಸಿಕ್ಕಿಬೀಳದ ಹಾಗೆ ಬರೆಯುವುದನ್ನು ಮೊದಲನೆಯದು ಕಲಿಯುತ್ತ ಹೋಗುತ್ತದೆ. 2018ರ ಕೊನೆಗೆ ಎನ್‌ವಿಡಿಯಾ ಕಂಪನಿಯ ಸಂಶೋಧಕರು ಇದನ್ನೇ ಬೆಳೆಸಿ ಸ್ಟೈಲ್‌ಗ್ಯಾನ್ ಹೊರತಂದರು. ಫ್ಲಿಕರ್ ಎಂಬ ಫೋಟೋ ತಾಣದಿಂದ ಆರಿಸಿದ 70,000 ಮುಖಚಿತ್ರಗಳಿಂದ ಅದು ಪಳಗಿತು. ಅದರ ಪಾಲಿಗೆ ಒಂದು ಮುಖವೆಂದರೆ 512 ಸಂಖ್ಯೆಗಳ ಪಟ್ಟಿ. ಗಂಡನ ಮುಖಕ್ಕೆ ಒಂದು ಪಟ್ಟಿ, ಹೆಂಡತಿಯ ಮುಖಕ್ಕೆ ಒಂದು ಪಟ್ಟಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆದು, ವಯಸ್ಸು ಇಳಿಯುವ ಕಡೆಗೆ ಆ ಸಂಖ್ಯೆಗಳನ್ನು ಸರಿಸಿದರೆ ಕೂಸಿನ ಮುಖ ಸಿದ್ಧ. ಇದು ಹಳೆಯ ದಾರಿ. 2022ರಿಂದ ಎಲ್ಲರ ಕೈಗೆ ಸಿಕ್ಕ ಡಿಫ್ಯೂಷನ್ ಮಾದರಿಗಳು ಬೇರೆ ದಾರಿ ಹಿಡಿದವು. ಹಿಂದೆ ಆಂಟೆನಾ ತಿರುಗಿದಾಗ ಟಿವಿಯಲ್ಲಿ ಬರುತ್ತಿದ್ದ ಚುಕ್ಕೆಗಳ ಜಾತ್ರೆ ನೆನಪಿರಬಹುದು. ಅಂಥ ಚುಕ್ಕೆಗಳಿಂದ ಶುರುಮಾಡಿ, ಹಂತಹಂತವಾಗಿ ಹಸನು ಮಾಡುತ್ತ, ನಾವು ಬರೆದ ಮಾತಿಗೂ ಕೊಟ್ಟ ಫೋಟೋಗೂ ಹೊಂದುವ ಚಿತ್ರವನ್ನು ಅವು ಹೊರಗೆ ತೆಗೆಯುತ್ತವೆ. 2025ರಲ್ಲಿ ಗೂಗಲ್‌ನ ಎಐ ಜೆಮಿನಿಯಲ್ಲಿ ಚಿತ್ರ ಮಾಡುವ ನ್ಯಾನೊ ಬನಾನಾ ಬಂದು ಊರೂರಿನ ಹುಡುಗಿಯರು ಹಳೇ ಸಿನಿಮಾ ನಾಯಕಿಯರಂತೆ ಸೀರೆ ಉಟ್ಟು ಕಂಡರಲ್ಲ, ಆಮೇಲೆ ಇದಕ್ಕೆ ಪ್ರತ್ಯೇಕ ಆ್ಯಪ್ ಕೂಡ ಬೇಕಿಲ್ಲ. ‘ಇವರಿಬ್ಬರಿಗೆ ಹುಟ್ಟುವ ಮಗು ತೋರಿಸು’ ಎಂದು ಬರೆದರೆ ಸಾಕು.

ಯಾವ ದಾರಿಯಲ್ಲೂ ರಕ್ತ ಇಲ್ಲ, ಜೀನ್ ಇಲ್ಲ. ಗೌರಿ ಹುಣ್ಣಿಮೆಗೆ ನಮ್ಮಲ್ಲಿ ಸಕ್ಕರೆ ಆರತಿ ಮಾಡುತ್ತಾರೆ. ಕುದಿದ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದರೆ ಆನೆ, ತೇರು, ಗಿಳಿ ಏಳುತ್ತವೆ. ಪಾಕಕ್ಕೆ ಕೆಂಪು ಹಾಕಿದರೆ ಕೆಂಪು ಗಿಳಿ, ಹಳದಿ ಹಾಕಿದರೆ ಹಳದಿ ಗಿಳಿ, ಗಿಳಿ ಮಾತ್ರ ಅದೇ ಗಿಳಿ. ಯಂತ್ರದ ಕೂಸಿನ ಅಚ್ಚು ಎಲ್ಲೆಲ್ಲಿಯದೋ ಎಷ್ಟೋ ಜನರ ಫೋಟೋಗಳಿಂದ ಆದದ್ದು. ಅಪ್ಪ ಅವ್ವನ ಫೋಟೋದಿಂದ ಅದಕ್ಕೆ ಬೀಳುವುದು ಬಣ್ಣದ ನಾಲ್ಕು ಹನಿ.

ಇನ್ನು ಪ್ರಕೃತಿಯ ಲೆಕ್ಕ. ಮಕ್ಕಳಿಗೆ ಇದನ್ನು ನಾನು ಹಿಟ್ಟು ಮತ್ತು ಕಾಳಿನಿಂದ ಹೇಳಿಕೊಡುತ್ತೇನೆ. ಜೋಳದ ಹಿಟ್ಟಿಗೆ ಸಜ್ಜೆಯ ಹಿಟ್ಟು ಬೆರೆಸಿದರೆ ನಡುವಿನ ಬಣ್ಣದ ಹಿಟ್ಟಾಗುತ್ತದೆ, ಮತ್ತೆ ಅದರಿಂದ ಜೋಳ ಬೇರೆ ಸಜ್ಜೆ ಬೇರೆ ಮಾಡಲು ಯಾರಿಂದಲೂ ಆಗದು. ಜೋಳದ ಕಾಳಿಗೆ ಸಜ್ಜೆಯ ಕಾಳು ಬೆರೆಸಿದರೆ ಮೊರದಲ್ಲಿ ಹಾಕಿ ಕೇರಿದಾಗ ಜೋಳ ಜೋಳವಾಗಿಯೇ, ಸಜ್ಜೆ ಸಜ್ಜೆಯಾಗಿಯೇ ಸಿಗುತ್ತದೆ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗಗಳು ತೋರಿಸಿದ್ದು ಇದನ್ನೇ. ನುಣುಪು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಸುಕ್ಕು ಕಾಣೆಯಾಯಿತು, ಎರಡನೇ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದರಂತೆ ಮರಳಿ ಬಂತು. ಗುಣಗಳು ಹಿಟ್ಟಿನಂತೆ ಕಲೆಯುವುದಿಲ್ಲ, ಕಾಳಿನಂತೆ ಸಾಗುತ್ತವೆ. ಆ ಕಾಳಿಗೇ ಈಗ ಜೀನ್ ಅನ್ನುತ್ತೇವೆ. ಅಪ್ಪನಲ್ಲಿ ಕಾಣದ ಅಜ್ಜನ ಮೂಗು ಮೊಮ್ಮಗನ ಮುಖಕ್ಕೆ ಬರುವುದು ಹೀಗೆ. ಎಐ ಚಿತ್ರ ಮಾತ್ರ ಹಿಟ್ಟು ಕಲೆಸುತ್ತದೆ. ನೂರೈವತ್ತು ವರ್ಷದ ಹಿಂದೆ ವಿಜ್ಞಾನ ಕೈಬಿಡತೊಡಗಿದ ತಿಳಿವಳಿಕೆಯನ್ನು ಅದು ಹೊಳೆಯುವ ಬಣ್ಣದಲ್ಲಿ ವಾಪಸು ತಂದಿದೆ.

ಕಾಳು ಎಷ್ಟು ಬಗೆಯಲ್ಲಿ ಬೀಳಬಹುದು ಎಂದು ನೋಡಿದರೆ ತಲೆ ತಿರುಗುತ್ತದೆ. ನಮ್ಮ ಜೀವಕೋಶದಲ್ಲಿ ಜೀನುಗಳನ್ನು ಹೊತ್ತ 23 ಜೊತೆ ವರ್ಣತಂತುಗಳು. ಪ್ರತಿ ಜೊತೆಯಿಂದ ಒಂದೊಂದು ಮಾತ್ರ ಕೂಸಿಗೆ ಹೋಗುತ್ತದೆ. ಹಾಗೆ ಆರಿಸಲು ಅವ್ವನ ಕಡೆ 83,88,608 ದಾರಿ, ಅಪ್ಪನ ಕಡೆಯೂ ಅಷ್ಟೇ. ಎಂಬತ್ನಾಲ್ಕು ಲಕ್ಷ ಜೀವರಾಶಿ ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಸಂಖ್ಯೆ ಅಲ್ಲಿಗೇ ಬಂದು ನಿಲ್ಲುವುದನ್ನು ಕಂಡು ಮಕ್ಕಳು ಪ್ರತಿ ವರ್ಷ ಬೆರಗಾಗುತ್ತಾರೆ. ಎರಡನ್ನೂ ಗುಣಿಸಿದರೆ ಸುಮಾರು 70 ಲಕ್ಷ ಕೋಟಿ. ಜಗತ್ತಿನ ಜನಸಂಖ್ಯೆಯ ಎಂಟು ಸಾವಿರ ಪಟ್ಟಿಗೂ ಹೆಚ್ಚು. ಇದರ ಮೇಲೆ ಜೊತೆಯ ತಂತುಗಳು ತಮ್ಮ ತಮ್ಮಲ್ಲೇ ತುಂಡು ಅದಲುಬದಲು ಮಾಡಿಕೊಳ್ಳುತ್ತವೆ, ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಒಂದೇ ಗಂಡ ಹೆಂಡತಿಗೆ ಹುಟ್ಟಬಹುದಾದ ಕೂಸುಗಳು ಅಷ್ಟು ಬಗೆ. ಫ್ಲೆಕ್ಸಿನ ಮೇಲೆ ಇದ್ದದ್ದು ಒಂದು.

ಮುಖದ ಒಂದೊಂದು ಗುಣಕ್ಕೆ ಒಂದೊಂದೇ ಕಾಳು ಎಂದೂ ತಿಳಿಯಬಾರದು. ಹತ್ತನೇ ತರಗತಿಯ ಪುಸ್ತಕದಲ್ಲಿ ಕಿವಿಯ ಹಾಲೆಯ ಚಟುವಟಿಕೆ ಇದೆ. ಯಾರ ಹಾಲೆ ಕೆನ್ನೆಗೆ ಅಂಟಿದೆ, ಯಾರದು ಬಿಡಿಯಾಗಿ ಜೋತಿದೆ ಎಂದು ಮಕ್ಕಳು ಒಬ್ಬರ ಕಿವಿ ಒಬ್ಬರು ಹಿಡಿದು ನೋಡುತ್ತಾರೆ. ಬಹುಕಾಲ ಇದನ್ನು ಒಂದೇ ಜೀನಿನ ಆಟ ಎಂದು ಕಲಿಸುತ್ತಿದ್ದರು. 2017ರಲ್ಲಿ ಸುಮಾರು 75 ಸಾವಿರ ಜನರನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನ, ಇಷ್ಟು ಚಿಕ್ಕ ಹಾಲೆಯ ಹಿಂದೆ 49 ಜೀನ್ ತಾಣಗಳಿವೆ ಎಂದು ತೋರಿಸಿತು. ಒಂದು ಹಾಲೆಗೇ ಇಷ್ಟಾದರೆ ಇಡೀ ಮುಖಕ್ಕೆ ಎಷ್ಟು! ಮೈಬಣ್ಣವೂ ಹೀಗೇ. ಎಸ್‌ಎಲ್‌ಸಿ24ಎ5 ಎಂಬ ಜೀನಿನ ಮಹತ್ವ 2005ರಲ್ಲಿ ಜೀಬ್ರಾ ಮೀನಿನ ಅಧ್ಯಯನದಿಂದ ಹೊರಬಿತ್ತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಜೀನಿನ ತಿಳಿಬಣ್ಣದ ರೂಪ ನಮ್ಮ ದೇಶದಲ್ಲೂ ವ್ಯಾಪಕವಾಗಿದೆ, ಆದರೆ ಜನರ ನಡುವಿನ ಬಣ್ಣದ ವ್ಯತ್ಯಾಸದ ಒಂದು ಭಾಗವನ್ನಷ್ಟೇ ಅದು ವಿವರಿಸುತ್ತದೆ ಎಂದಿತು. ಉಳಿದದ್ದು ಬೇರೆ ಹಲವು ಜೀನುಗಳ ಪಾಲು, ಬಿಸಿಲಿನ ಪಾಲು. ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಠವನ್ನು ಬದಿಗಿಟ್ಟು ನಾನೇ ಒಂದು ಪರೀಕ್ಷೆ ಮಾಡಿದೆ. ತೀರಿಹೋದ ನನ್ನ ಅಪ್ಪ ಅವ್ವ ಮದುವೆಯ ಹೊಸತರಲ್ಲಿ ಬಳ್ಳಾರಿಯ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋ ನಮ್ಮ ಮನೆಯಲ್ಲಿದೆ. ಇವರಿಗೆ ಎಂಥ ಮಕ್ಕಳು ಹುಟ್ಟಿದರು ಎಂಬುದಕ್ಕೆ ಉತ್ತರ ಗೊತ್ತೇ ಇದೆ: ನಾವು ನಾಲ್ವರು. ಅಕ್ಕ ಅವ್ವನಂತೆ ಕೆಂಪು, ನಾನು ಅಪ್ಪನ ತಾಯಿಯಂತೆ ಎಣ್ಣೆಗಪ್ಪು, ತಮ್ಮಂದಿರಿಬ್ಬರು ನಡುವೆ, ಅವರಲ್ಲೂ ಒಬ್ಬನಿಗೆ ಚಪ್ಪಟೆ ಮೂಗು, ಇನ್ನೊಬ್ಬನಿಗೆ ಗಿಳಿಮೂಗು. ಆ ಫೋಟೋವನ್ನು ಯಂತ್ರಕ್ಕೆ ಕೊಟ್ಟು ಹೆಣ್ಣು ಎಂದು ಒತ್ತಿದೆ. ಗುಂಡು ಮುಖದ, ಗೋಧಿಬಣ್ಣಕ್ಕಿಂತ ಒಂದು ಪಟ್ಟು ತಿಳಿಯಾದ ಕೂಸು ಬಂತು. ಅದೇ ಫೋಟೋ ಮತ್ತೆ ಕೊಟ್ಟೆ, ಬೇರೊಂದು ಕೂಸು ಬಂತು. ಮೂರನೇ ಸಲ ಮತ್ತೂ ಬೇರೆ. ಕಣ್ಣು ಮೂಗು ಬದಲಾದರೂ ಬಣ್ಣ ಮಾತ್ರ ಮೂರರಲ್ಲೂ ಒಂದೇ. ಅಕ್ಕನಾಗಲಿ ನಾನಾಗಲಿ ಅದರಲ್ಲಿ ಇರಲಿಲ್ಲ. ನನ್ನ ಬಣ್ಣದ ಕೂಸು ಆ ಯಂತ್ರದಿಂದ ಬರಲೇ ಇಲ್ಲ.

ಯಾಕೆ ಎಂಬುದಕ್ಕೆ ಕಾರಣಗಳಿವೆ. ಒಂದು, ಅದು ಕಲಿತ ಚಿತ್ರಗಳು. ಅಂತರ್ಜಾಲದಲ್ಲಿ ರಾಶಿ ಬಿದ್ದಿರುವ ಮುಖಗಳಲ್ಲಿ ಸಿರುಗುಪ್ಪ, ಕುಷ್ಟಗಿ, ಮಾನ್ವಿಯ ಮುಖಗಳು ಎಷ್ಟಿದ್ದಾವು? ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಬಿಳಿ ಬಣ್ಣದ ಗಂಡಸರಲ್ಲಿ ಶೇ. 0.8ರಷ್ಟಿದ್ದ ತಪ್ಪು ಕಪ್ಪು ಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೆ ಏರಿತ್ತು. ಅದು ಗುರುತಿಸುವ ಯಂತ್ರದ ಮಾತು, ಇದು ಬರೆಯುವ ಯಂತ್ರ. ಆದರೂ ಕಡಿಮೆ ಕಂಡ ಮುಖವನ್ನು ಸರಿಯಾಗಿ ಕಲಿಯದ ರೋಗ ಎರಡಕ್ಕೂ ಇದೆ. ಎರಡನೆಯದು ಸರಾಸರಿಯ ಸ್ವಭಾವ. ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ 1870ರ ದಶಕದ ಕೊನೆಯಲ್ಲಿ ಅಪರಾಧಿಗಳ ಫೋಟೋಗಳನ್ನು ಒಂದರ ಮೇಲೊಂದು ಮೂಡಿಸಿ ‘ಅಪರಾಧಿಯ ಮುಖ’ ಹುಡುಕಲು ಹೋದ. ಬಂದದ್ದು ಒಬ್ಬೊಬ್ಬರಿಗಿಂತಲೂ ಸೌಮ್ಯವಾದ, ನೋಡಲು ಚೆಂದದ ಮುಖ. ಹಲವು ಮುಖ ಕೂಡಿಸಿದರೆ ಕಲೆ, ಮಚ್ಚೆ, ಓರೆಕೋರೆ ಅಳಿಸಿಹೋಗುತ್ತವೆ. ಎಐ ಕೂಸು ಯಾವಾಗಲೂ ಚೆಂದ ಇರುವುದರಲ್ಲಿ ಇದರ ಪಾಲು ದೊಡ್ಡದು. ಅದೇ ಗಾಲ್ಟನ್ 1883ರಲ್ಲಿ ‘ಸುಜನನ’ ಎಂಬ ವಾದಕ್ಕೆ ಹೆಸರಿಟ್ಟ, ಒಳ್ಳೆಯ ತಳಿಯ ಮನುಷ್ಯರನ್ನು ಆರಿಸಿ ಬೆಳೆಸಬೇಕು ಎಂಬ ವಾದ ಅದು. ಆ ವಾದ ಮುಂದೆ ಎಂಥ ಕ್ರೌರ್ಯಕ್ಕೆ ಕರೆದೊಯ್ಯಿತು ಎಂಬುದನ್ನು ಜಗತ್ತು ಕಂಡಿದೆ.

ಮೂರನೆಯದು ನಾವು ಕೊಡುವ ಫೋಟೋ. ಮದುವೆಯ ದಿನದ್ದು, ಮೇಕಪ್ ಹಚ್ಚಿದ್ದು, ಅದರ ಮೇಲೆ ಆಲ್ಬಂ ಮಾಡುವವರು ಬೆಳ್ಳಗೆ ಮಾಡಿದ್ದು. ಮೊಬೈಲಿನದಾದರೆ ಬ್ಯೂಟಿ ಮೋಡ್. ಆಮೇಲೆ ಎಐ. ಒಂದೇ ಗೋಡೆಗೆ ಮೂರು ಕೈ ಸುಣ್ಣ ಬಳಿದ ಹಾಗೆ.

ಬಿಡಿ, ಹಿಂದೆಯೂ ಬಸುರಿಯರ ಕೋಣೆಯಲ್ಲಿ ಬೆಳ್ಳನೆಯ ಕೂಸಿನ ಕ್ಯಾಲೆಂಡರ್ ತೂಗುಹಾಕುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹಾಕುತ್ತಿದ್ದರು. ನೋಡಿದಂಥ ಕೂಸು ಹುಟ್ಟುತ್ತದೆ ಎಂದು ನಂಬುತ್ತಿದ್ದರು, ಕೇಸರಿ ಹಾಲು ಕುಡಿಸುತ್ತಿದ್ದರು. ನಾನು ಹೊಟ್ಟೆಯಲ್ಲಿದ್ದಾಗ ಅಪ್ಪ ಸಾಲ ಮಾಡಿ ಕೇಸರಿ ತಂದಿದ್ದನ್ನು ಅವ್ವ ಹೇಳುತ್ತಿದ್ದಳು. ನಾನು ಹುಟ್ಟಿದ ದಿನ ನೋಡಲು ಬಂದವರು ‘ಕೇಸರಿ ಎಲ್ಲಿ ಹೋತ್ಬೇ?’ ಎಂದು ಅವ್ವನನ್ನೇ ಕೇಳಿದರಂತೆ. ಆದರೆ ಕ್ಯಾಲೆಂಡರಿನ ಕೂಸು ಯಾರದೋ ಕೂಸು ಎಂಬುದು ಎಲ್ಲರಿಗೂ ಗೊತ್ತಿತ್ತು. ಎಐ ಕೂಸು ‘ಇದು ನಿಮ್ಮದೇ’ ಎಂದು ಬರುತ್ತದೆ, ಅಪ್ಪ ಅವ್ವನ ಫೋಟೋಗಳ ನಡುವೆ ಕೂರುತ್ತದೆ, ಕಂಪ್ಯೂಟರ್ ನೋಡಿ ಹೇಳಿತು ಎಂಬ ಗೌರವ ಬೆನ್ನಿಗಿರುತ್ತದೆ. ಹುಟ್ಟಿದ ಕೂಸನ್ನು ಅದರ ಪಕ್ಕ ಹಿಡಿದು ನೋಡುತ್ತಾರೆ. ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವಳು ಅವ್ವ.

ಇದು ಬರೀ ಬೇಸರದ ಮಾತಾಗಿ ಉಳಿಯುವುದಿಲ್ಲ ಎಂಬುದು ಕುಬಸದ ದಿನ ಸಂಜೆಯೇ ನನಗೆ ಗೊತ್ತಾಯಿತು. ಊಟದ ಗದ್ದಲ ಇಳಿದ ಮೇಲೆ ಹುಡುಗಿಯ ಪಕ್ಕ ಕೂತು, ರಕ್ತ ಎಷ್ಟೈತಿ ಎಂದು ಕೇಳಿದೆ. ಮೊಬೈಲಿನಲ್ಲಿ ತಾಯಿ ಕಾರ್ಡಿನ ಫೋಟೋ ಇದೆ ಎಂದು ಹುಡುಕತೊಡಗಿದಳು. ಬೆರಳು ಸರಿಸಿದಷ್ಟೂ ಎಐ ಕೂಸುಗಳು, ಕುಲಾವಿಯದ್ದು, ನಗುವುದು, ಕೃಷ್ಣನ ವೇಷದ್ದು, ಒಂದಿಪ್ಪತ್ತು. ಕೊನೆಗೆ ಕಾರ್ಡು ಸಿಕ್ಕಿತು. ಹಿಮೋಗ್ಲೋಬಿನ್ 8.9. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ.

‘ಮಾತ್ರಿ ತಗೊಳಾಕತ್ತಿಲ್ಲೇನ್?’

‘ಬಿಟ್ಟೀನಿ ಚಿಗವ್ವಾ.’

‘ಯಾಕ?’

ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. ‘ಆ ಮಾತ್ರಿ ತಗೊಂಡ್ರ ಕೂಸು ಕರ್ರಗ ಆಗತೈತಂತಲ್ಲ. ಫೋಟೋದಾಗ ಅಷ್ಟು ಕೆಂಪಗ ಬಂದೈತಿ...’

ಕಬ್ಬಿಣದ ಮಾತ್ರೆಯಿಂದ ಕೂಸು ಕಪ್ಪಾಗುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಹಳೆಯದು. ಆಶಾ ಕಾರ್ಯಕರ್ತೆಯರು ದಿನವೂ ಎದುರಿಸುವ ಮಾತು. ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುತ್ತದೆ, ದೇಹ ಹೀರಿಕೊಳ್ಳದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ. ಅದನ್ನು ನೋಡಿ ಹುಟ್ಟಿದ ಭಯ ಇರಬೇಕು. ಮೈಬಣ್ಣ ಕೊಡುವುದು ಮೆಲನಿನ್, ಅದಕ್ಕೂ ಮಾತ್ರೆಯ ಕಬ್ಬಿಣಕ್ಕೂ ಸಂಬಂಧವಿಲ್ಲ. ಆ ನಂಬಿಕೆಗೆ ಈಗ ಒಂದು ಫೋಟೋ ಸಿಕ್ಕಿದೆ. ಮೊದಲು ಕಳೆದುಕೊಳ್ಳಲು ಕಣ್ಣಿಗೆ ಕಾಣುವಂಥದ್ದೇನೂ ಇರಲಿಲ್ಲ. ಈಗ ಫ್ಲೆಕ್ಸಿನಲ್ಲಿ, ಮೊಬೈಲಿನಲ್ಲಿ, ಕೆಂಪಗಿನ ಒಂದು ಕೂಸಿದೆ, ಅದನ್ನು ಕಾಪಾಡಿಕೊಳ್ಳಬೇಕು, ಅದಕ್ಕೆ ಮಾತ್ರೆ ಬಿಡಬೇಕು. ಬಸುರಿಯಲ್ಲಿ 180 ದಿನ, ದಿನಕ್ಕೊಂದರಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಬಸುರಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತಸ್ರಾವ ಹೆಚ್ಚಾದರೂ ಜೀವಕ್ಕೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನಮ್ಮ ಸೀಮೆಯ ಎಲ್ಲ ಮನೆಗಳಲ್ಲಿ ಬಸುರಿಯರನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಪ್ರಕರಣದ ಕಾರಣ ಬೇರೆ. ಆದರೆ ಹೆರಿಗೆ ಎಂದರೆ ಇಲ್ಲಿ ಇನ್ನೂ ಎಷ್ಟು ನಾಜೂಕಿನ ಸಂಗತಿ ಎಂಬುದು ಮರೆಯುವಂಥದ್ದಲ್ಲ. ಕೂಸಿನ ಮುಖ ಮೊದಲೇ ನೋಡುವ ಉತ್ಸಾಹದ ಕಾಲು ಭಾಗ ಅವ್ವನ ರಕ್ತದ ಸಂಖ್ಯೆಯ ಮೇಲೆ ಇರಲಿ ಎಂದು ಕೈಮುಗಿದು ಕೇಳುತ್ತೇನೆ.

ನಮ್ಮ ಹುಡುಗಿಯದು ಒಳಗಿನ ಸಂಬಂಧ, ಅತ್ತೆಯ ಮಗನಿಗೇ ಕೊಟ್ಟದ್ದು. ಹುಡುಗಿಯ ಅಪ್ಪ, ಹುಡುಗನ ಅವ್ವ ಒಡಹುಟ್ಟಿದವರು. ಇಂಥ ಜೋಡಿಯಲ್ಲಿ ಎಐ ಚಿತ್ರ ‘ಹೋಲಿದ’ ಹಾಗೆ ಕಾಣುವುದು ಸುಲಭ. ಗಂಡ ಹೆಂಡತಿಯ ಮುಖದಲ್ಲೇ ಒಂದು ಅಜ್ಜಿಯ ಛಾಯೆ ಇರುತ್ತದೆ, ಸರಾಸರಿ ತೆಗೆದರೂ ಅದು ಉಳಿಯುತ್ತದೆ. ಜನ ‘ಎಷ್ಟು ಕರೆಕ್ಟ್ ಐತಿ’ ಅನ್ನುತ್ತಾರೆ. ಆದರೆ ಅತ್ತೆ ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು, ಸೋದರಮಾವ ಸೊಸೆಯ ನಡುವೆ ನಾಲ್ಕರಲ್ಲಿ ಒಂದು ಪಾಲು ಜೀನುಗಳು ಒಂದೇ ಮೂಲದವು ಎಂಬುದಕ್ಕೆ ಮುಖಕ್ಕಿಂತ ದೊಡ್ಡ ಅರ್ಥ ಇದೆ. ಅಪ್ಪ ಅವ್ವನಿಂದ ಬರುವ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಯ ಒಂದೊಂದು ಕಾಳು ಇಬ್ಬರಲ್ಲೂ ಅಡಗಿರುವ ಸಾಧ್ಯತೆ ಇಲ್ಲಿ ಹೆಚ್ಚು. ಇಬ್ಬರೂ ಹೀಗೆ ಒಂದೊಂದು ಕಾಳು ಹೊತ್ತ ವಾಹಕರಾದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಅಂಥ ಕೂಸಿಗೆ ಜೀವನವಿಡೀ ಕೆಲವೇ ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಫೋಟೋದಲ್ಲಿ ಇದು ಕಾಣುವುದೇ ಇಲ್ಲ, ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ನೋಡುವ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಮದುವೆಗೆ ಮೊದಲು, ತಪ್ಪಿದರೆ ಬಸುರಿನ ಮೊದಲ ತಿಂಗಳುಗಳಲ್ಲೇ ಮಾಡಿಸಬೇಕಾದ ಪರೀಕ್ಷೆ. ಹುಟ್ಟುವ ಕೂಸಿನ ಬಗ್ಗೆ ಮೊದಲೇ ತಿಳಿಯುವಂಥದ್ದು, ತಿಳಿಯಬೇಕಾದದ್ದು ಇದು.

ಗಂಡು ಎಂದು ಒತ್ತಿದ ವಿಚಾರಕ್ಕೆ ಬರುತ್ತೇನೆ. ಹೊಟ್ಟೆಯಲ್ಲಿರುವುದು ಏನೆಂದು ಆ್ಯಪ್‌ಗೆ ಗೊತ್ತಿಲ್ಲ, ಒತ್ತಿದ್ದನ್ನು ಬರೆಯುತ್ತದೆ ಅಷ್ಟೇ. ಆದ್ದರಿಂದ ಅದು ಲಿಂಗಪತ್ತೆ ಆಗುವುದಿಲ್ಲ. ಆದರೆ ಲಿಂಗ ಹೇಳುತ್ತೇವೆ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಅದು ಭ್ರೂಣದ ಲಿಂಗಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲು. ಅಂತರ್ಜಾಲದ ಜಾಹೀರಾತಿಗೂ ಇದು ಅನ್ವಯ ಎಂಬುದು ಸಾಬು ಮ್ಯಾಥ್ಯೂ ಜಾರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹುಡುಕು ಯಂತ್ರಗಳಿಗೆ ಕೊಟ್ಟ ನಿರ್ದೇಶನದಿಂದ ಸ್ಪಷ್ಟವಾಗಿದೆ. ಕಾನೂನಿನ ಆಚೆಗೂ ಒಂದು ಮಾತು: ಏಳನೇ ತಿಂಗಳಲ್ಲಿ ನೂರು ಜನ ‘ರಾಜಕುಮಾರ’ ಎಂದು ಓದಿದ ಮೇಲೆ ಹೆಣ್ಣು ಹುಟ್ಟಿದರೆ, ಆ ಮನೆಯಲ್ಲಿ ಮೊದಲ ದಿನವೇ ಏನೋ ತಪ್ಪಿದ ಹಾಗೆ ಆಗುತ್ತದೆ. ತ್ರೀಡಿ ಸ್ಕ್ಯಾನಿನ ಚಿತ್ರವನ್ನು ಎಐಗೆ ಕೊಟ್ಟು ‘ನಿಜವಾದ ಮುಖ’ ಮಾಡಿಸುವುದೂ ಇದೆ. ಅದರಲ್ಲಿ ಮುಖದ ಆಕಾರ ಅಷ್ಟಿಷ್ಟು ನಿಜ ಇರಬಹುದು, ಬಣ್ಣ ಪೂರ್ತಿ ಕಲ್ಪನೆ. ಸ್ಕ್ಯಾನ್ ಯಂತ್ರ ಶಬ್ದದ ಅಲೆಗಳಿಂದ ನೋಡುತ್ತದೆ, ಶಬ್ದಕ್ಕೆ ಬಣ್ಣ ತಿಳಿಯದು.

ಫೋಟೋ ಹೋಲುವುದಿಲ್ಲ ಎಂದು ಹೆಂಡತಿಯ ಮೇಲೆ ಅನುಮಾನ ಪಡುವವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ದಂಪತಿಯದೇ ಎಂದು ನಮ್ಮ ಸಾಕ್ಷ್ಯ ಕಾನೂನು ಹಿಡಿಯುತ್ತದೆ, ಡಿಎನ್‌ಎ ಪರೀಕ್ಷೆಗೂ ನ್ಯಾಯಾಲಯಗಳು ಸುಮ್ಮಸುಮ್ಮನೆ ಒಪ್ಪುವುದಿಲ್ಲ. ಎಐ ಚಿತ್ರಕ್ಕೆ ಅಲ್ಲಿ ಕವಡೆಯ ಬೆಲೆ ಇಲ್ಲ.

ಕಾಲೇಜಿನ ಹುಡುಗರು ಸಹಪಾಠಿ ಹುಡುಗಿಯ ಡಿಪಿ ತೆಗೆದು ತನ್ನ ಫೋಟೋ ಜೊತೆ ಸೇರಿಸಿ ‘ನಮ್ಮ ಕೂಸು’ ಎಂದು ಹಂಚಿದರೆ ಅದು ತಮಾಷೆ ಅಲ್ಲ, ಆ ಹುಡುಗಿಯ ಓದನ್ನೇ ನಿಲ್ಲಿಸುವಂಥ ಕೆಲಸ. ಹಾಗೇನಾದರೂ ನಡೆದರೆ ಹುಡುಗಿಯರು ಹೆದರಬೇಕಿಲ್ಲ. ಮನೆಯವರನ್ನು ಕರೆದುಕೊಂಡು ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು. ಅಪ್‌ಲೋಡ್ ಮಾಡಿದ ಮುಖ ಎಲ್ಲಿ ಉಳಿಯುತ್ತದೆ ಎಂಬುದೂ ಯೋಚಿಸುವ ಸಂಗತಿಯೇ. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಮುಖ ಬದಲಾಯಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಒಪ್ಪಿಗೆ ಕೇಳಬೇಕು, ಅಳಿಸು ಎಂದರೆ ಅಳಿಸಬೇಕು ಎನ್ನುತ್ತದೆ. ಪುಕ್ಕಟೆ ಆ್ಯಪ್ ಯಾವ ದೇಶದಲ್ಲಿ ಕೂತಿದೆ ಎಂದೇ ತಿಳಿಯದಾಗ ಯಾರನ್ನು ಕೇಳುವುದು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಆತುರಗಾರರ ಮೇಲಿನ ಗಾದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅಕ್ಕನ ಎರಡನೇ ಕೂಸು ಎಂಟು ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಅವಳನ್ನು ಕರೆತಂದಾಗ ಮನೆಯಲ್ಲಿ ಕೂಸಿನದು ಎನ್ನುವಂಥ ಒಂದು ಚಿಂದಿಯೂ ಇರಲಿಲ್ಲ. ತೊಟ್ಟಿಲು ಅಟ್ಟದ ಮೇಲೇ ಇತ್ತು. ಕುಂಚಿಗೆ, ಕುಲಾವಿ, ದುಬಟಿ ಯಾವುದನ್ನೂ ಅವ್ವ ಹೊಲಿಸಗೊಟ್ಟಿರಲಿಲ್ಲ. ಕಾಣಲು ಏನೂ ಇಲ್ಲದ್ದರಿಂದ ಅಕ್ಕ ಆ ಮನೆಯೊಳಗೆ ಕಾಲಿಡಲು ಸಾಧ್ಯವಾಯಿತು ಎಂದು ಈಗ ಅನ್ನಿಸುತ್ತದೆ. ಕೂಸುಗಳು ಕೈತಪ್ಪಿ ಹೋಗುತ್ತಿದ್ದ ಕಾಲದಲ್ಲಿ ಅವ್ವಂದಿರ ಎದೆಗೆ ಕಟ್ಟಿದ ಕಾವಲು ಆ ಗಾದೆ. ಈಗ ಬಸುರು ಇಳಿದುಹೋದವಳ ಮೊಬೈಲು ಮುಂದಿನ ವರ್ಷ ಅದೇ ದಿನ ‘ಹಳೆಯ ನೆನಪು’ ಎಂದು ಆ ನಗುವ ಮುಖವನ್ನು ತಾನಾಗಿಯೇ ತಂದು ತೋರಿಸುತ್ತದೆ. ಐವಿಎಫ್ ಚಿಕಿತ್ಸೆಗೆ ಓಡಾಡುವ ದಂಪತಿಗೆ ಇಂಥ ಚಿತ್ರ ಕಳಿಸುವ ನೆಂಟರು ಒಂದು ಕ್ಷಣ ಇದನ್ನು ನೆನೆಯಬೇಕು.

ಹುಡುಗಿ ಮಾತ್ರೆ ಶುರುಮಾಡಿದಳು. ಊಟವಾದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ, ಚಹಾ ದೂರವಿಟ್ಟು. ಹೆರಿಗೆಯ ವಾರದಲ್ಲಿ ರಕ್ತ 10.4ಕ್ಕೆ ಬಂದಿತ್ತು. ಹೆಣ್ಣು ಕೂಸು, 2 ಕಿಲೋ 800 ಗ್ರಾಂ, ಹುಟ್ಟಿದ ದಿನ ನಸುಗೆಂಪು. ಹೊಸ ಕೂಸಿನ ಚರ್ಮದಲ್ಲಿ ಮೆಲನಿನ್ ಇನ್ನೂ ಪೂರ್ತಿ ಮೂಡಿರುವುದಿಲ್ಲ, ಬಣ್ಣ ನೆಲೆಗೊಳ್ಳಲು ತಿಂಗಳುಗಳೇ ಬೇಕು. ಇದು ತಿಳಿದ ನಮ್ಮ ಹೆಂಗಸರು ಮುಂದಿನ ಬಣ್ಣ ಹೇಳಲು ಕಿವಿಯ ಅಂಚು ನೋಡುತ್ತಾರೆ. ಮನೆಗೆ ಕರೆತಂದ ದಿನ ಮೂರ್ನಾಲ್ಕು ಜನ ಕುಲಾವಿ ಸರಿಸಿ ಕಿವಿ ನೋಡಿದರು. ‘ಕರ್ರಗ ಆಗತೈತಿ’ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ಅಕ್ಕ ಕೂಸನ್ನು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಮುದುಕಿಯೂ ಮೊದಲು ಕಿವಿಯನ್ನೇ ಹುಡುಕಿದಾಗ, ಇವಳೂ ಬಣ್ಣವನ್ನೇ ಕೇಳುತ್ತಾಳೆ ಎಂದುಕೊಂಡೆ. ಅವಳ ಹೆಬ್ಬೆರಳು ಕಿವಿಯ ಮೇಲಂಚಿನ ಗುಂಟ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು. ತೀರಿಹೋದ ಅವಳ ಗಂಡನ ಕಿವಿಯಂಚಿನಲ್ಲಿ ಒಂದು ಸಣ್ಣ ಗಂಟಿತ್ತು. ಮಗನಿಗೆ ಬಂದಿರಲಿಲ್ಲ, ಮಗಳಿಗೂ ಬಂದಿರಲಿಲ್ಲ.

‘ಬಾ ಇಲ್ಲಿ, ಮುಟ್ಟಿ ನೋಡು,’ ಎಂದು ನನ್ನ ಕೈ ಎಳೆದಳು. ‘ಜೋಳದ ಕಾಳಿನಂಗ ಹತ್ತತೈತಿಲ್ಲೋ? ನಮ್ಮ ಮುದುಕಂದಾ ಇದು.’